ಎಲ್ಲೆಯ ವ್ರತ ಮತ್ತು ನೆರೆಮನೆಯ ರೊಟ್ಟಿ: ಯಹೂದಿ ಸಬ್ಬತ್ ಸೀಮಾವಿಧಿಯ ವಿಮರ್ಶೆ

ಗೃಹಸ್ಥಧರ್ಮವನ್ನು ನಿರೂಪಿಸುವ ಗ್ರಂಥಗಳು ಎಲ್ಲ ಮತಗಳಲ್ಲಿಯೂ ಉಂಟು. ಆದರೆ ಗೃಹಸ್ಥನು ಕಾಲಿಡುವ ನೆಲವನ್ನೇ ಅಳೆದು, ಇಂತಿಷ್ಟು ಕಾಲ ಈ ಎಲ್ಲೆಯನ್ನು ಮೀರಲಾಗದೆಂದು ವಿಧಿಸುವ ಶಾಸ್ತ್ರಗಳು ವಿರಳ. ಜೈನ ಶ್ರಾವಕಾಚಾರದ ದಿಗ್ವ್ರತ ಮತ್ತು ದೇಶವ್ರತಗಳು ಅಂಥ ವಿಧಿಗಳು. ಇವುಗಳನ್ನು ಬಲ್ಲ ವಾಚಕರಿಗೆ ಪಶ್ಚಿಮ ಏಷ್ಯಾದ ಯಹೂದಿ ಸಮಾಜವು ಬೇರೊಂದು ಶ್ರದ್ಧೆಯ ನೆಲೆಯಲ್ಲಿ ರೂಪಿಸಿಕೊಂಡ ಸಬ್ಬತ್ ದಿನದ ಸೀಮಾವಿಧಿಯು ತೀರ ಅಪರಿಚಿತವಾಗಿ ತೋರಲಾರದು. ಆ ವಿಧಿಯನ್ನು ಸಮಗ್ರವಾಗಿ ನಿರೂಪಿಸುವ ಗ್ರಂಥಭಾಗಕ್ಕೆ 'ಏರೂವೀನ್' ಎಂದು ಹೆಸರು. ಕ್ರಿ.ಶ. 200ರ ಸುಮಾರಿಗೆ ಗಲಿಲಾಯ ಪ್ರಾಂತದಲ್ಲಿ ರಬ್ಬಿ ಯೆಹೂದಾ ಹನ್ನಾಸಿಯು ಸಂಕಲಿಸಿದ 'ಮಿಷ್ನಾ' ಎಂಬ ಧರ್ಮಸಂಹಿತೆಯ ಎರಡನೆಯ ವಿಭಾಗದಲ್ಲಿ, 'ಶಬ್ಬಾತ್' ಎಂಬ ಪ್ರಕರಣದ ಬೆನ್ನಿಗೇ ಬರುವ ಹತ್ತು ಅಧ್ಯಾಯಗಳ ಪ್ರಕರಣವಿದು. ಇದರ ಗುಣವೇನು, ದೋಷವೇನು, ಎಲ್ಲೆಯ ವಿಷಯದಲ್ಲಿ ಇದು ಕಲಿಸುವುದೇನು ಎಂಬುದು ಪ್ರಸ್ತುತ ವಿಮರ್ಶೆಯ ವಸ್ತು.

ಸಬ್ಬತ್ ಎಂದರೆ ವಾರದ ಏಳನೆಯ ದಿನ. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಕತ್ತಲಾಗುವವರೆಗೆ ಯಹೂದಿಯು ಸಕಲ ಉದ್ಯೋಗಗಳಿಂದ ನಿವೃತ್ತನಾಗಿರಬೇಕು. ಕೊಂಕಣ ತೀರದಲ್ಲಿ ಎಣ್ಣೆಗಾಣದ ವೃತ್ತಿಯಲ್ಲಿದ್ದ ಬೆನೆ ಇಸ್ರೇಲ್ ಯಹೂದಿಗಳನ್ನು ನೆರೆಹೊರೆಯವರು 'ಶನಿವಾರದ ತೇಲಿ'ಗಳೆಂದು ಕರೆದುದು ಈ ಆಚರಣೆಯಿಂದಲೇ. ಮಿಷ್ನಾವು ಆ ದಿನ ವರ್ಜ್ಯವಾದ ಕಾರ್ಯಗಳನ್ನು 39 ಎಂದು ಎಣಿಸಿದೆ. ಉಳುವುದು, ಬಿತ್ತುವುದರಿಂದ ಮೊದಲಾಗುವ ಆ ಪಟ್ಟಿಯ ಕೊನೆಯ ಕಾರ್ಯವೆಂದರೆ ಒಂದು ಅಧೀನ ಪ್ರದೇಶದಿಂದ ಇನ್ನೊಂದಕ್ಕೆ ವಸ್ತುವನ್ನು ಸಾಗಿಸುವುದು. ಹೊರೆ ಎಷ್ಟು ಭಾರವೆಂಬುದು ಇಲ್ಲಿ ಪ್ರಶ್ನೆಯಲ್ಲ. ಅದು ಯಾವ ಎಲ್ಲೆಯನ್ನು ದಾಟಿತೆಂಬುದೇ ಪ್ರಶ್ನೆ.

ಇದಕ್ಕೆ ಮೂಲಗ್ರಂಥದಲ್ಲಿ ದೊರೆಯುವ ಆಧಾರ ಅತ್ಯಲ್ಪ. ಏಳನೆಯ ದಿನ ಯಾರೂ ತಮ್ಮ ಸ್ಥಳವನ್ನು ಬಿಟ್ಟು ಹೊರಡಬಾರದೆಂದು ವಿಮೋಚನಕಾಂಡವು ಹೇಳುತ್ತದೆ. ಆದರೆ 'ಸ್ಥಳ'ವೆಂದರೆ ಮನೆಯೇ, ಊರೇ ಎಂಬುದನ್ನು ಅದು ಬಿಡಿಸಿ ಹೇಳುವುದಿಲ್ಲ. ಸಬ್ಬತ್ ದಿನ ಯೆರೂಸಲೇಮಿನ ಬಾಗಿಲುಗಳೊಳಗೆ ಹೊರೆ ತರಬಾರದೆಂದು ಪ್ರವಾದಿ ಯೆರೆಮೀಯನು ಎಚ್ಚರಿಸಿದನು. ಕ್ರಿ.ಪೂ. ಐದನೆಯ ಶತಮಾನದಲ್ಲಿ ನೆಹೆಮೀಯನು ಇನ್ನೂ ಮುಂದೆ ಹೋಗಿ, ತೂರ್ ಪಟ್ಟಣದ ಮೀನಿನ ವ್ಯಾಪಾರಿಗಳು ಅಂದು ಊರೊಳಗೆ ಬಾರದಂತೆ ಹಿಂದಿನ ಸಂಜೆಯೇ ಕೋಟೆಯ ಬಾಗಿಲುಗಳನ್ನು ಮುಚ್ಚಿಸಿದನು. ವ್ಯಾಪಾರಿಗಳು ಒಂದೆರಡು ಸಲ ಗೋಡೆಯ ಹೊರಗೇ ತಂಗಿದ್ದು, ಗದರಿಸಿದ ಮೇಲೆ ಬರುವುದನ್ನು ನಿಲ್ಲಿಸಿದರು. ಶಾಸ್ತ್ರದ ಆಧಾರ ಕಿರಿದು, ವಿಧಿಗಳ ರಾಶಿ ಹಿರಿದು ಎಂಬುದನ್ನು ಮಿಷ್ನಾವೇ ಮತ್ತೊಂದು ಪ್ರಕರಣದಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದೆ. ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಮಿಷ್ನಾಕ್ಕಿಂತ ಹಿಂದೆಯೇ ಕೆಲವರು ಈ ವಿಧಿಯನ್ನು ಅತ್ಯಂತ ಕಠಿಣವಾಗಿ ಅರ್ಥೈಸಿದ್ದರು. ಕ್ರಿ.ಪೂ. ಎರಡನೆಯ ಶತಮಾನದ 'ಜುಬಿಲಿ' ಗ್ರಂಥವು ಒಂದು ಮನೆಯಿಂದ ಇನ್ನೊಂದು ಮನೆಗೆ ಏನನ್ನೂ ಒಯ್ಯಬಾರದೆಂದು ವಿಧಿಸುತ್ತದೆ. ಕೈರೋ ನಗರದ ಹಳೆಯ ಯಹೂದಿ ಪ್ರಾರ್ಥನಾಮಂದಿರದಲ್ಲಿ ದೊರೆತು 1910ರಲ್ಲಿ ಪ್ರಕಟವಾದ, ಮುಂದೆ ಮೃತಸಮುದ್ರದ ಬಳಿಯ ಗುಹೆಗಳಲ್ಲಿಯೂ ತುಣುಕುಗಳಾಗಿ ಸಿಕ್ಕ 'ದಮಸ್ಕ ಶಾಸನ'ವು ಮನೆಯಿಂದ ಹೊರಕ್ಕೂ ಹೊರಗಿನಿಂದ ಒಳಕ್ಕೂ ಸಾಗಿಸುವುದನ್ನು ನಿಷೇಧಿಸುತ್ತದೆ. ಊರ ಹೊರಗೆ 1000 ಮೊಳಕ್ಕಿಂತ ಹೆಚ್ಚು ನಡೆಯಬಾರದೆಂದೂ, ದನ ಮೇಯಿಸುವವನು ಮಾತ್ರ 2000 ಮೊಳದವರೆಗೆ ಹೋಗಬಹುದೆಂದೂ ಹೇಳುತ್ತದೆ. ಈ ಕಠಿಣಮಾರ್ಗದಲ್ಲಿ ಪ್ರತಿಯೊಂದು ಮನೆಯೂ ಸಬ್ಬತ್ ದಿನ ಒಂದು ದ್ವೀಪ. ಮಿಷ್ನಾದ ಪಂಡಿತರ ಮುಂದಿದ್ದ ಸಮಸ್ಯೆ ಇದು: ವ್ರತವೂ ಕೆಡಬಾರದು, ನೆರೆಹೊರೆಯೂ ಒಡೆಯಬಾರದು.

ಅವರ ಕಾಲದ ವಾಸಕ್ರಮವನ್ನು ತಿಳಿಯದೆ ಅವರ ಪರಿಹಾರವು ಅರ್ಥವಾಗದು. ಹಲವು ಮನೆಗಳು ಒಂದು ಅಂಗಳಕ್ಕೆ ಬಾಗಿಲು ತೆರೆದಿರುತ್ತಿದ್ದವು. ಹಲವು ಅಂಗಳಗಳು ಒಂದು ಓಣಿಗೆ, ಓಣಿಗಳು ಬೀದಿಗೆ ತೆರೆದುಕೊಳ್ಳುತ್ತಿದ್ದವು. ಮನೆ ಒಬ್ಬನದು, ಬೀದಿ ಎಲ್ಲರದು. ಇವುಗಳ ನಡುವಣ ಅಂಗಳವೂ ಓಣಿಯೂ ಯಾರವು? ಇಡೀ ಪ್ರಕರಣವು ಈ ಒಂದು ಪ್ರಶ್ನೆಯ ಸುತ್ತ ಬೆಳೆದಿದೆ. ನಾಲ್ಕು ಹಿಡಿ ಅಗಲ, ನಾಲ್ಕು ಹಿಡಿ ಉದ್ದದ ಜಾಗವನ್ನು ಹತ್ತು ಹಿಡಿ ಎತ್ತರದ ಗೋಡೆ ಸುತ್ತುವರಿದಿದ್ದರೆ ಅದು ಖಾಸಗಿ ಪ್ರದೇಶ. ಹೆದ್ದಾರಿ, ಸಂತೆಮಾಳಗಳು ಸಾರ್ವಜನಿಕ ಪ್ರದೇಶ. ಎರಡೂ ಅಲ್ಲದ ಬಯಲಿಗೆ ಬೇರೊಂದು ಹೆಸರು, ಯಾವ ಲೆಕ್ಕಕ್ಕೂ ಬಾರದ ಸಣ್ಣ ಜಾಗಕ್ಕೆ ಮತ್ತೊಂದು ಸ್ಥಾನ. ಹೀಗೆ ಪ್ರದೇಶಗಳು ನಾಲ್ಕು ಬಗೆಯವಾದವು.

'ಶಬ್ಬಾತ್' ಪ್ರಕರಣವು ಆರಂಭದಲ್ಲಿಯೇ ಕೊಡುವ ಉದಾಹರಣೆ ಚಿಂತನೀಯ. ಹೊಸ್ತಿಲ ಹೊರಗೆ ಬಡವನೊಬ್ಬ, ಒಳಗೆ ಮನೆಯ ಯಜಮಾನ. ಬಡವನು ಕೈಯನ್ನು ಒಳಗೆ ಚಾಚಿ ತೆಗೆದುಕೊಂಡರೆ ದೋಷ ಯಾರದು, ಯಜಮಾನನು ಕೈಯನ್ನು ಹೊರಗೆ ಚಾಚಿ ಕೊಟ್ಟರೆ ಯಾರದು, ಒಬ್ಬನು ಚಾಚಿ ಇನ್ನೊಬ್ಬನು ಇಟ್ಟರೆ ಯಾರದು ಎಂದು ವಿಚಾರ ಮುಂದುವರಿಯುತ್ತದೆ. ಸಾಗಾಟಕ್ಕೆ ಸಾವಿರ ಉದಾಹರಣೆಗಳಿರುವಾಗ ದಾನದ ಕೈಯನ್ನೇ ಆರಿಸಿಕೊಂಡುದು ಆಕಸ್ಮಿಕವೆಂದು ತೋರುವುದಿಲ್ಲ. ಎಲ್ಲೆಯನ್ನು ಹಾಕಿದೊಡನೆ ಮೊದಲು ತಡೆಯಲ್ಪಡುವುದು ಆಹಾರದಾನವೇ ಎಂಬ ಸತ್ಯವನ್ನು ಇದು ಓದುಗರ ಕಣ್ಣಮುಂದೆ ನಿಲ್ಲಿಸುತ್ತದೆ.

ಈ ಬಿಕ್ಕಟ್ಟಿಗೆ ಕಂಡುಕೊಂಡ ಪರಿಹಾರಕ್ಕೆ 'ಏರೂವ್' ಎಂದು ಹೆಸರು. ಬೆರೆಯುವುದು, ಕೂಡುವುದು ಎಂದು ಅದರ ಅರ್ಥ. ಸಬ್ಬತ್ ತೊಡಗುವ ಮುನ್ನ ಅಂಗಳದ ಪ್ರತಿಯೊಂದು ಮನೆಯೂ ರೊಟ್ಟಿಯನ್ನು ಕೊಟ್ಟು, ಎಲ್ಲವನ್ನೂ ಒಂದೇ ಮನೆಯಲ್ಲಿ ಇಡಬೇಕು. ಎಲ್ಲರ ಆಹಾರವೂ ಒಂದೆಡೆ ಇರುವುದರಿಂದ ಎಲ್ಲರದೂ ಒಂದೇ ಮನೆಯೆಂದು ಭಾವಿಸಲಾಗುತ್ತದೆ. ಅಂಗಳದಲ್ಲಿ ವಸ್ತುಗಳನ್ನು ಒಯ್ಯುವುದಕ್ಕೆ ಅಡ್ಡಿಯಿಲ್ಲ. ಓಣಿಗಾದರೆ ಇಂಥದೇ 'ಪಾಲುದಾರಿಕೆ'ಯ ಜೊತೆಗೆ ಬೀದಿಯತ್ತ ತೆರೆದ ಬಾಯಿಗೆ ಒಂದು ಗುರುತೂ ಬೇಕು. ಪಕ್ಕದಲ್ಲೊಂದು ಕಂಬ ಮತ್ತು ಮೇಲೊಂದು ಅಡ್ಡತೊಲೆ ಎರಡೂ ಬೇಕೆಂದು ಶಮ್ಮಾಯಿಯ ಶಿಷ್ಯಪರಂಪರೆ, ಎರಡರಲ್ಲಿ ಒಂದಿದ್ದರೆ ಸಾಕೆಂದು ಹಿಲ್ಲೇಲನ ಶಿಷ್ಯಪರಂಪರೆ ವಾದಿಸಿದವು. ತೊಲೆ 20 ಮೊಳಕ್ಕಿಂತ ಎತ್ತರದಲ್ಲಿರಬಾರದು, ಓಣಿಯ ಬಾಯಿ 10 ಮೊಳಕ್ಕಿಂತ ಅಗಲವಿರಬಾರದು; ಅಗಲವಿದ್ದರೂ ಬಾಗಿಲಿನ ಆಕಾರವಿದ್ದರೆ ಸಾಕು.

ವ್ಯವಹಾರವನ್ನು ಬಲ್ಲವರಿಗೆ ಈ ಗ್ರಂಥದ ಭಾಷೆ ಹತ್ತಿರದ್ದಾಗಿ ಕಾಣುವುದು ಸಹಜ. ಪಾಲು, ಬಾಡಿಗೆ, ಸ್ವಾಧೀನ, ಸಮ್ಮತಿ ಎಂಬ ನಾಲ್ಕು ಮಾತುಗಳ ಮೇಲೆ ಇದರ ಕಟ್ಟಡ ನಿಂತಿದೆ. ಒಬ್ಬನು ಓಣಿಯವರೆಲ್ಲರ ಪರವಾಗಿ ಒಂದು ಪೀಪಾಯಿಯನ್ನು ಇಡಬಹುದು. ಆದರೆ 'ಇದು ಎಲ್ಲರದು' ಎಂದ ಮಾತ್ರಕ್ಕೆ ಅದು ಎಲ್ಲರದಾಗದು. ಪ್ರಾಪ್ತವಯಸ್ಕನಾದ ಮಗನಂಥ ಸ್ವತಂತ್ರ ವ್ಯಕ್ತಿಯೊಬ್ಬನು ಎಲ್ಲರ ಪರವಾಗಿ ಅದನ್ನು ಸ್ವೀಕರಿಸಬೇಕು. ಅಪ್ರಾಪ್ತ ಮಗನ ಮೂಲಕ ಕೊಟ್ಟರೆ ಸಲ್ಲದು. ಅವನ ಕೈ ಕೊಟ್ಟವನದೇ ಕೈ. ನೆರೆಯವರು ಒಂದೇ ದ್ರಾಕ್ಷಾರಸದ ವ್ಯಾಪಾರದಲ್ಲಿ ಮೊದಲೇ ಪಾಲುದಾರರಾಗಿದ್ದರೆ ಬೇರೆ ಏರೂವ್ ಬೇಕಿಲ್ಲ. ಒಬ್ಬನೊಡನೆ ದ್ರಾಕ್ಷಾರಸದಲ್ಲಿ, ಇನ್ನೊಬ್ಬನೊಡನೆ ಎಣ್ಣೆಯಲ್ಲಿ ಪಾಲಿದ್ದರೆ ಬೇಕು. ರಬ್ಬಿ ಶಿಮೋನನ ಮತದಲ್ಲಿ ಆಗಲೂ ಬೇಕಿಲ್ಲ. ಒಬ್ಬನಿಗೆ ಲಾಭವಾಗುವುದನ್ನು ಅವನ ಪರೋಕ್ಷದಲ್ಲಿ ಮಾಡಬಹುದು, ಹೊಣೆಯಾಗುವುದನ್ನು ಅವನ ಅರಿವಿಲ್ಲದೆ ಮಾಡಲಾಗದು ಎಂಬ ತತ್ತ್ವವನ್ನು ರಬ್ಬಿ ಯೆಹೂದಾ ಇದೇ ಪ್ರಕರಣದಲ್ಲಿ ಮಂಡಿಸುತ್ತಾನೆ. ಸಮಾಜದ ಹೆಸರಿನಲ್ಲಿ ನಿರ್ಣಯ ಕೈಗೊಳ್ಳುವ ಯಾವ ಆಡಳಿತ ಮಂಡಳಿಗಾದರೂ ಇದು ಸಲ್ಲುವ ತತ್ತ್ವ.

ರೊಟ್ಟಿಯ ವಿಧಿಯಲ್ಲಿ ಅಡಗಿರುವ ಸೂಕ್ಷ್ಮ ಇನ್ನೂ ದೊಡ್ಡದು. ಅಂಗಳದ ಏರೂವಿಗೆ ಕೊಡುವ ರೊಟ್ಟಿ ಎಷ್ಟೇ ಚಿಕ್ಕದಾಗಿರಲಿ, ಇಡಿಯಾಗಿರಬೇಕು. ಎಷ್ಟೇ ದೊಡ್ಡ ರೊಟ್ಟಿಯಿಂದ ಮುರಿದ ತುಂಡಾದರೂ ಸಲ್ಲದು. ಬಾಬಿಲೋನಿನ ತಾಲ್ಮೂದ್ ಇದಕ್ಕೆ ಕೊಡುವ ಕಾರಣ ಒಂದೇ: ವೈರ ಹುಟ್ಟಬಾರದು. ನಾನು ಇಡಿ ಕೊಟ್ಟೆ, ಅವನು ತುಂಡು ಕೊಟ್ಟ ಎಂಬ ಲೆಕ್ಕಾಚಾರಕ್ಕೆ ಎಡೆಯಿರಬಾರದು. ಅಂಗಳಗಳಲ್ಲಿ ಏರೂವ್ ಇಡುವುದೇ ಶಾಂತಿಗಾಗಿ ಎಂಬುದು ಯೆರೂಸಲೇಮ್ ತಾಲ್ಮೂದಿನ ಅಭಿಪ್ರಾಯ. ಅದಕ್ಕೆ ಒಂದು ಪ್ರಸಂಗವನ್ನೂ ಅದು ಹೇಳುತ್ತದೆ. ನೆರೆಯವಳೊಡನೆ ಮಾತು ಬಿಟ್ಟಿದ್ದ ಹೆಂಗಸೊಬ್ಬಳು ತನ್ನ ಪಾಲಿನ ರೊಟ್ಟಿಯನ್ನು ಮಗನ ಕೈಯಲ್ಲಿ ಕಳಿಸಿದಳು. ನೆರೆಯವಳು ಮಗುವನ್ನು ಅಪ್ಪಿ ಮುದ್ದಿಟ್ಟಳು. ಮಗು ಮನೆಗೆ ಬಂದು ಅದನ್ನು ತಾಯಿಗೆ ಹೇಳಿತು. ಇಬ್ಬರಲ್ಲಿ ರಾಜಿಯಾಯಿತು. ಮೊಳ, ಹಿಡಿಗಳ ಲೆಕ್ಕದ ನಡುವೆ ಈ ಪ್ರಸಂಗವು ಶಾಸ್ತ್ರದ ಹೃದಯವನ್ನು ತೋರಿಸುತ್ತದೆ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಓಣಿಯ ಬಾಯಿಗೆ ಒಂದು ತೊಲೆಯಿಟ್ಟು ಅದನ್ನು ಮನೆಯೆಂದು ಕರೆಯುವುದು ಆತ್ಮವಂಚನೆಯಲ್ಲವೆ? ಇದಕ್ಕೆ ಎರಡು ಮಾತುಗಳನ್ನು ಹೇಳಬೇಕಾಗುತ್ತದೆ. ಮೊದಲನೆಯದಾಗಿ, ಶಾಸ್ತ್ರವು ಮೂಲತಃ ನಿಷೇಧಿಸಿದ ಸಾಗಾಟವನ್ನು ರೊಟ್ಟಿಯ ಏರೂವ್ ಸಡಿಲಿಸುವುದಿಲ್ಲ. ನಿಜವಾದ ರಾಜಬೀದಿಗೆ ವಸ್ತುವನ್ನು ಒಯ್ಯುವುದು ಏರೂವ್ ಇದ್ದರೂ ನಿಷಿದ್ಧವೇ. ಅಂಗಳ, ಓಣಿಗಳ ನಿಷೇಧವು ಪಂಡಿತರೇ ಬೇಲಿಯಾಗಿ ಹಾಕಿಕೊಂಡದ್ದು. ಆ ಬೇಲಿಗೆ ಬಾಗಿಲನ್ನಿಟ್ಟವರೂ ಅವರೇ. ತಾಲ್ಮೂದ್ ಏರೂವಿನ ವಿಧಿಯನ್ನು ಅರಸನಾದ ಸೊಲೊಮೋನನಿಗೆ ಆರೋಪಿಸುತ್ತದೆ. ಅಂಗಳಕ್ಕೆ ಒಯ್ಯುವುದು ಸರಿಯಾದರೆ ಬೀದಿಗೆ ಒಯ್ಯುವುದೂ ಸರಿಯೆಂದು ಜನ ತಪ್ಪು ತಿಳಿಯದಿರಲೆಂದು ಅವನು ಹೀಗೆ ವಿಧಿಸಿದನೆಂಬುದು 12ನೆಯ ಶತಮಾನದ ಮೈಮೊನಿಡಿಸನ ವಿವರಣೆ. ಎರಡನೆಯದಾಗಿ, ಈ ಸೌಲಭ್ಯ ಯಾರಿಗೂ ಒಬ್ಬಂಟಿಯಾಗಿ ದೊರೆಯುವುದಿಲ್ಲ. ನೆರೆಯವನ ಸಮ್ಮತಿಯಿಲ್ಲದೆ ಯಾರ ಅಂಗಳವೂ ತೆರೆಯದು. ವಂಚಕನಿಗೆ ಏಕಾಂತ ಬೇಕು. ಏರೂವಿಗೆ ಸಾಕ್ಷಿಗಳೇ ಬೇಕು.

ಇಲ್ಲಿ ಜೈನ ಶ್ರಾವಕಾಚಾರದೊಡನೆ ಹೋಲಿಕೆ ಉಚಿತವೆನಿಸುತ್ತದೆ. ತತ್ತ್ವಾರ್ಥಸೂತ್ರವು ಏಳನೆಯ ಅಧ್ಯಾಯದಲ್ಲಿ ದೇಶವ್ರತವನ್ನು ದಿಗ್ವ್ರತದ ಜೊತೆಗೆ ಹೇಳುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ದೇಶಾವಕಾಶಿಕವನ್ನು ಶಿಕ್ಷಾವ್ರತಗಳಲ್ಲಿ ಎಣಿಸಿ, ಮನೆ, ಗ್ರಾಮ, ಹೊಲ, ನದಿ, ಅರಣ್ಯ, ಯೋಜನಗಳನ್ನು ಎಲ್ಲೆಯಾಗಿಯೂ, ವರ್ಷ, ಋತು, ಮಾಸ, ಪಕ್ಷಗಳನ್ನು ಅವಧಿಯಾಗಿಯೂ ಸೂಚಿಸುತ್ತದೆ. ಎಲ್ಲೆಯಾಚೆ ಸ್ಥೂಲಸೂಕ್ಷ್ಮ ಪಾಪಗಳೆರಡೂ ನಿಂತುಹೋಗುವುದರಿಂದ ಅಲ್ಲಿಯ ಮಟ್ಟಿಗೆ ಶ್ರಾವಕನು ಮಹಾವ್ರತವನ್ನು ಸಾಧಿಸಿದಂತಾಗುತ್ತದೆಂಬುದು ಆಚಾರ್ಯರ ಅಭಿಪ್ರಾಯ. ಅತಿಚಾರಗಳ ಪಟ್ಟಿಯನ್ನು ನೋಡಿದರೆ ಎರಡು ಶಾಸ್ತ್ರಗಳ ಸಾಮೀಪ್ಯ ವಿಸ್ಮಯ ಹುಟ್ಟಿಸುತ್ತದೆ. ಎಲ್ಲೆಯ ಹೊರಗಿನಿಂದ ವಸ್ತುವನ್ನು ತರಿಸುವುದು, ಆಳನ್ನು ಕಳಿಸುವುದು, ಕೂಗಿ ಕರೆಯುವುದು, ತನ್ನ ರೂಪ ತೋರಿಸಿ ಸಂಜ್ಞೆ ಮಾಡುವುದು, ಕಲ್ಲು ಮೊದಲಾದುದನ್ನು ಎಸೆಯುವುದು ಎಂಬ ಐದು ಅತಿಚಾರಗಳು ದೇಶವ್ರತಕ್ಕೆ. ಮಿಷ್ನಾವೂ ಒಂದು ಪ್ರದೇಶದಿಂದ ಇನ್ನೊಂದಕ್ಕೆ ಎಸೆಯುವುದನ್ನು ಸಾಗಾಟವೆಂದೇ ಎಣಿಸಿ, ಅದಕ್ಕೆ ಪ್ರತ್ಯೇಕ ಅಧ್ಯಾಯವನ್ನು ಮೀಸಲಿಟ್ಟಿದೆ.

ಆದರೆ ಭೇದವೂ ಅಷ್ಟೇ ಆಳವಾದುದು. ಮಿಷ್ನಾವು ಕಾವಲಿಡುವುದು ಮುಖ್ಯವಾಗಿ ಪಾದಕ್ಕೆ ಮತ್ತು ವಸ್ತುವಿಗೆ. ದೇಶವ್ರತವು ಇಚ್ಛೆಗೇ ಕಾವಲಿಡುತ್ತದೆ. ದೇಹ ದಾಟದಿದ್ದರೂ ದನಿ ದಾಟಿದರೆ ಅತಿಚಾರವೇ. ಎಲ್ಲೆಯನ್ನು ಶ್ರಾವಕನು ತಾನೇ ನಿಶ್ಚಯಿಸಿಕೊಳ್ಳುತ್ತಾನೆ. ಯಹೂದಿಯ 2000 ಮೊಳ, ಅಂದರೆ ಸುಮಾರು ಒಂದು ಕಿಲೋಮೀಟರ್, ಎಲ್ಲರಿಗೂ ಒಂದೇ. ದೇಶವ್ರತದ ಗುರಿ ಆರಂಭ ಮತ್ತು ಹಿಂಸೆಯ ಕ್ಷೇತ್ರವನ್ನು ಕುಗ್ಗಿಸುವುದು. ಸಬ್ಬತ್ತಿನ ಗುರಿ ಸೃಷ್ಟಿಯನ್ನೂ ಈಜಿಪ್ಟಿನ ದಾಸ್ಯದಿಂದಾದ ಬಿಡುಗಡೆಯನ್ನೂ ಸ್ಮರಿಸುವುದು. ಇದಕ್ಕಿಂತ ಮಹತ್ತ್ವದ್ದೆಂದರೆ, ದೇಶವ್ರತವನ್ನು ಒಬ್ಬನೇ ಪಾಲಿಸಬಹುದು, ನೆರೆಯವನಿಗೆ ಅದರ ಅರಿವೂ ಬೇಕಿಲ್ಲ. ಏರೂವನ್ನು ಒಬ್ಬನೇ ಪಾಲಿಸಲಾಗದು. ಮೊದಲನೆಯದು ಆತ್ಮಶುದ್ಧಿಯಲ್ಲಿ ನಿಖರ, ಸಮಾಜದ ವಿಷಯದಲ್ಲಿ ಮೌನ. ಎರಡನೆಯದು ಸಮಾಜವನ್ನು ಕಟ್ಟುವುದರಲ್ಲಿ ನಿಪುಣ, ಅಂತರಂಗದ ವಿಷಯದಲ್ಲಿ ಮಿತಭಾಷಿ.

ಮಿಷ್ನಾದ ನಿಜವಾದ ದೋಷ ತೊಲೆಯಲ್ಲಿಲ್ಲ, ಆರನೆಯ ಅಧ್ಯಾಯದಲ್ಲಿದೆ. ಅಂಗಳದಲ್ಲಿ ಯಹೂದಿಯಲ್ಲದವನಾಗಲಿ, ಏರೂವನ್ನು ಒಪ್ಪದವನಾಗಲಿ ವಾಸಿಸುತ್ತಿದ್ದರೆ ಎಲ್ಲರ ಸಾಗಾಟಕ್ಕೂ ಅವನು ಅಡ್ಡಿಯಾಗುತ್ತಾನೆ. ರಬ್ಬಾನ್ ಗಮಲಿಯೇಲನು ಹೇಳುವ ಪ್ರಸಂಗದಲ್ಲಿ ಯೆರೂಸಲೇಮಿನ ಒಂದು ಓಣಿಯಲ್ಲಿ ಸದ್ದುಕಾಯ ಪಂಥದವನೊಬ್ಬನಿದ್ದನು. ಅವನು ತನ್ನ ಪಾತ್ರೆಗಳನ್ನು ಹೊರತಂದು ಅಡ್ಡಿಪಡಿಸುವ ಮೊದಲೇ ಬೇಗ ಬೇಗ ನಮ್ಮವನ್ನು ಓಣಿಗೆ ತನ್ನಿರೆಂದು ಗಮಲಿಯೇಲನ ತಂದೆ ಮನೆಯವರಿಗೆ ಹೇಳಿದನು. ಯಹೂದಿಯಲ್ಲದವನಿದ್ದಲ್ಲಿ ಅವನ ಹಕ್ಕನ್ನು ಬಾಡಿಗೆಗೆ ಪಡೆಯುವುದೇ ದಾರಿ. ಅತಿ ಸಣ್ಣ ನಾಣ್ಯಕ್ಕಿಂತ ಕಡಿಮೆ ಬೆಲೆಯೂ ಸಾಕೆಂದು ತಾಲ್ಮೂದ್ ಹೇಳುತ್ತದೆ. ಅನ್ಯನ ನಡತೆಯನ್ನು ಯಹೂದಿಯು ಕಲಿಯದಿರಲೆಂದು ಅವನೊಡನೆ ವಾಸಿಸುವುದನ್ನು ಕಷ್ಟವಾಗಿಸುವುದೇ ಈ ವಿಧಿಯ ಉದ್ದೇಶವೆಂದೂ ಅದು ಒಪ್ಪಿಕೊಳ್ಳುತ್ತದೆ. ದೇವಾಲಯವನ್ನು ಕ್ರಿ.ಶ. 70ರಲ್ಲಿ ಕಳೆದುಕೊಂಡು, ಪರರ ಆಳ್ವಿಕೆಯಲ್ಲಿ ಕರಗಿಹೋಗುವ ಭಯದಲ್ಲಿದ್ದ ಜನಾಂಗದ ಎಚ್ಚರಿಕೆ ಇದೆಂಬುದನ್ನು ಮರೆಯಲಾಗದು. ಆದರೂ ನೆರೆಯವಳ ಮಗುವನ್ನು ಮುದ್ದಿಟ್ಟ ಶಾಸ್ತ್ರವು ಇಲ್ಲಿ ನೆರೆಯವನನ್ನು ಒಂದು ಅಡಚಣೆಯಾಗಿ ಕಾಣುತ್ತದೆ. ರೊಟ್ಟಿ ಒಳಗಿನವರಿಗೆ, ಬಾಡಿಗೆ ಹೊರಗಿನವನಿಗೆ. ಅನ್ಯನೊಬ್ಬನಿದ್ದ ಮಾತ್ರಕ್ಕೆ ಅಡ್ಡಿಯಿಲ್ಲ, ಯಹೂದಿಗಳಿಬ್ಬರು ಪರಸ್ಪರ ಅಡ್ಡಿಯಾಗುವಾಗ ಮಾತ್ರ ಈ ವಿಧಿ ಎಂದು ರಬ್ಬಿ ಎಲೀಯೆಜೆರ್ ಬೆನ್ ಯಾಕೋಬನು ಬಿಗಿಯನ್ನು ಸಡಿಲಿಸಿದುದು ಸ್ವಲ್ಪ ಸಮಾಧಾನ ತರುತ್ತದೆ. ಬಾಡಿಗೆ ಕೇಳಲಾದರೂ ಅವನ ಬಾಗಿಲಿಗೆ ಹೋಗಿ ಮಾತಾಡಿಸಲೇಬೇಕೆಂಬುದು ಇನ್ನಷ್ಟು ಸಮಾಧಾನ.

ನಾಲ್ಕನೆಯ ಅಧ್ಯಾಯವು ಈ ದೋಷವನ್ನು ತಕ್ಕಮಟ್ಟಿಗೆ ತುಂಬಿಕೊಡುತ್ತದೆ. ಇಟಲಿಯ ಬ್ರಿಂಡಿಸಿ ಬಂದರಿನಿಂದ ಹೊರಟ ಹಡಗು ಸಬ್ಬತ್ ದಿನ ಎಲ್ಲೆ ಮೀರಿ ಸಮುದ್ರದಲ್ಲಿ ಸಾಗಿತ್ತು. ಗಮಲಿಯೇಲನೂ ಎಲಾಜಾರ್ ಬೆನ್ ಅಜರ್ಯನೂ ಹಡಗಿನ ತುಂಬ ಓಡಾಡಿದರು. ಯೆಹೋಶುವನೂ ಅಕೀವನೂ ನಾಲ್ಕು ಮೊಳದಾಚೆ ಕದಲಲಿಲ್ಲ. ಈ ಇಬ್ಬರು ಕಾಠಿಣ್ಯವನ್ನು ತಮ್ಮ ಮೇಲೆ ಹೇರಿಕೊಂಡರು, ಸಹಯಾತ್ರಿಕರ ಮೇಲಲ್ಲ. ಮಿಷ್ನಾವು ಯಾರನ್ನೂ ನಿಂದಿಸದೆ ನಾಲ್ವರನ್ನೂ ಗೌರವದಿಂದ ದಾಖಲಿಸುತ್ತದೆ. ಪ್ರಾಣರಕ್ಷಣೆಗಾಗಿ ಎಲ್ಲೆ ಮೀರಿ ಹೋದವರು ತಮ್ಮ ಸ್ಥಳಕ್ಕೆ ಮರಳಬಹುದೆಂಬ ವಿಧಿಯೂ ಅಲ್ಲಿಯೇ ಇದೆ. ಕರುಣೆಯಿಂದ ಎಲ್ಲೆ ದಾಟಿದವನನ್ನು ಎಲ್ಲೆಯ ಹೊರಗೇ ನಿಲ್ಲಿಸಿಬಿಡುವ ಕ್ರೌರ್ಯಕ್ಕೆ ಈ ಶಾಸ್ತ್ರವು ಇಳಿಯಲಿಲ್ಲ.

ಏರೂವ್ ಇಂದಿಗೂ ಜೀವಂತ. ಅಂಗಳ, ಓಣಿಗಳ ಬದಲು ನಗರದ ಬಡಾವಣೆಗಳನ್ನೇ ಕಂಬ ಮತ್ತು ತಂತಿಗಳಿಂದ ಸುತ್ತುವರಿಯುತ್ತಾರೆ. ಕೂಸನ್ನು ಎತ್ತಿಕೊಂಡ ತಾಯಿ, ಗಾಲಿಕುರ್ಚಿಯಲ್ಲಿ ಕುಳಿತ ವೃದ್ಧ ಸಬ್ಬತ್ ದಿನ ಪ್ರಾರ್ಥನಾಮಂದಿರಕ್ಕೆ ಹೋಗುವುದು ಇದರಿಂದ ಸಾಧ್ಯವಾಗಿದೆ. ಲಂಡನ್ನಿನ ವಾಯವ್ಯ ಭಾಗದಲ್ಲಿ ದೀರ್ಘ ವಿವಾದದ ಬಳಿಕ 2003ರಲ್ಲಿ ಇಂಥ ಏರೂವ್ ಜಾರಿಗೆ ಬಂತು. ಅಮೆರಿಕದ ನ್ಯೂಜರ್ಸಿ ರಾಜ್ಯದ ಟೆನಫ್ಲೈ ಪಟ್ಟಣದಲ್ಲಿ ವಿವಾದವು ನ್ಯಾಯಾಲಯಕ್ಕೆ ಹೋಗಿ, 2002ರಲ್ಲಿ ಮೇಲ್ಮನವಿ ನ್ಯಾಯಾಲಯವು ಏರೂವ್ ಪರವಾಗಿ ಆದೇಶ ನೀಡಿತು. ಈ ಎರಡೂ ಕಡೆ ವಿರೋಧಿಸಿದವರಲ್ಲಿ ಯಹೂದಿಗಳೂ ಇದ್ದರೆಂಬುದು ಗಮನಾರ್ಹ. ಒಪ್ಪದ ನೆರೆಯವನ ಪ್ರಶ್ನೆ ಹದಿನೆಂಟು ಶತಮಾನಗಳ ಮೇಲೂ ತೀರಿಲ್ಲ. ತಂತಿಯ ಎಲ್ಲೆಗೆ ಮತ್ತೊಂದು ಅಪಾಯವೂ ಇದೆ: ಅದು ತಲೆಯ ಮೇಲೆ ಹಾದುಹೋಗುವುದರಿಂದ ಅದರ ನೆನಪೇ ಮಾಸಬಹುದು. ತತ್ತ್ವಾರ್ಥಸೂತ್ರವು ದಿಗ್ವ್ರತದ ಅತಿಚಾರಗಳಲ್ಲಿ ಎಲ್ಲೆಯ ವಿಸ್ಮೃತಿಯನ್ನೂ ಸೇರಿಸಿರುವುದು ಇಂಥ ಸಂದರ್ಭದಲ್ಲಿ ಅರ್ಥಪೂರ್ಣವೆನಿಸುತ್ತದೆ.

ಎರಡು ಶಾಸ್ತ್ರಗಳನ್ನು ತೂಗಿ ನೋಡಿದಾಗ, ಏರೂವಿನ ಕಂಬ, ತಂತಿಗಳಿಂದ ಜೈನ ಶ್ರಾವಕನು ಕಲಿಯಬೇಕಾದುದು ಏನೂ ಇಲ್ಲ. ಅವನ ವ್ರತಕ್ಕೆ ಅವನ ಸಂಕಲ್ಪವೇ ಗೋಡೆ. ಆದರೆ ರೊಟ್ಟಿಯಿಂದ ಕಲಿಯಬೇಕಾದುದು ಉಂಟು. ಬಸದಿಯ ಪ್ರಾಕಾರ, ಛತ್ರ, ಸಮುದಾಯಭವನಗಳು ಯಾರವೆಂಬ ಪ್ರಶ್ನೆ ಬಂದಾಗ ಟ್ರಸ್ಟುಗಳು ಮೊದಲು ತೆರೆಯುವುದು ದಸ್ತಾವೇಜುಗಳನ್ನು. ಯಾರ ಪಾಲು ಇಡಿ, ಯಾರದು ತುಂಡು ಎಂಬ ಲೆಕ್ಕ ಶಿಲಾಫಲಕಗಳ ಮೇಲೆಯೇ ಕಾಣಸಿಗುತ್ತದೆ. ಶ್ರೀಮಂತನ ದೊಡ್ಡ ತುಂಡಿಗಿಂತ ಬಡವನ ಚಿಕ್ಕ ಇಡಿ ರೊಟ್ಟಿಯೇ ಸಲ್ಲುತ್ತದೆಂದು ವಿಧಿಸಿದ ಪಂಡಿತರು ಸಾಮಾನ್ಯ ಸ್ಥಳವೊಂದು ಹೇಗೆ ಹುಟ್ಟುತ್ತದೆಂಬುದನ್ನು ಬಲ್ಲವರಾಗಿದ್ದರು. ಅವರ ಆರನೆಯ ಅಧ್ಯಾಯದಲ್ಲಿ ಬಾಡಿಗೆ ಪಡೆದು ಹೊರಗುಳಿದವನಿಗೂ ಆ ರೊಟ್ಟಿಯಲ್ಲಿ ಪಾಲು ಸಿಗುವಂತೆ ಮಾಡುವುದು, ಮೈತ್ರಿಯನ್ನು ಸರ್ವ ಜೀವಿಗಳಿಗೂ ವಿಸ್ತರಿಸಿದ ಧರ್ಮವನ್ನು ಅನುಸರಿಸುವವರಿಗೆ ಅಸಾಧ್ಯವಾಗಬಾರದು.